ಬಯಲು ಬಂದೀಖಾನೆಯೂ ಊರಿನ ಬಾಗಿಲೂ

ನ್ಯಾಯಸ್ಥಾನವು ಅಪರಾಧಿಗೆ ವಿಧಿಸುವ ಶಿಕ್ಷೆಗೆ ಒಂದು ಅವಧಿಯುಂಟು. ಮೂರು ವರ್ಷ, ಏಳು ವರ್ಷ, ಹತ್ತು ವರ್ಷವೆಂದು ತೀರ್ಪಿನಲ್ಲಿ ಬರೆದಿರುತ್ತದೆ. ಜೀವಾವಧಿ ಶಿಕ್ಷೆಯು ಹೆಸರಿಗೆ ಜೀವವಿರುವ ತನಕವೆಂದಿದ್ದರೂ, ಬಹುಪಾಲು ಪ್ರಸಂಗಗಳಲ್ಲಿ ೧೪ ವರ್ಷಗಳು ಕಳೆದ ಬಳಿಕ ಬಂದಿಯ ನಡತೆಯನ್ನು ನೋಡಿ ಸರಕಾರವು ಬಿಡುಗಡೆಯ ವಿಚಾರ ಮಾಡಬಹುದಾಗಿದೆ. ಆದುದರಿಂದ ಸೆರೆಮನೆಯನ್ನು ಹೊಕ್ಕವರಲ್ಲಿ ಬಹುಮಂದಿ ಒಂದು ದಿನ ಹೊರಗೆ ಬರತಕ್ಕವರೇ ಆಗಿದ್ದಾರೆ. ಇಷ್ಟು ಸರಳವಾದ ಮಾತು ಜನರ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಪೋಲೀಸರು ಒಬ್ಬನನ್ನು ಒಯ್ದರೆಂದರೆ ಊರಿನ ಲೆಕ್ಕದಲ್ಲಿ ಅವನ ಕಥೆ ಮುಗಿಯಿತು. ಅವನು ಮರಳಿ ಬರುವನೆಂದು ದಿನ ಎಣಿಸುತ್ತ ಕೂಡ್ರುವವರು ತಾಯಿ ಮತ್ತು ಹೆಂಡತಿ ಇಬ್ಬರೇ. ಅವನು ಬಂದಾಗ ಎಂತಹನಾಗಿ ಬರುವನು, ಎಲ್ಲಿಗೆ ಬರುವನು, ಯಾರು ಅವನನ್ನು ಬಾ ಎನ್ನುವರು ಎಂಬ ಪ್ರಶ್ನೆಗಳನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಬಯಲು ಬಂದೀಖಾನೆಯೆಂಬ ಏರ್ಪಾಟು ಈ ಪ್ರಶ್ನೆಗಳಿಂದಲೇ ಹುಟ್ಟಿದುದು.

ಗೋಡೆಯೊಳಗಿನ ಸೆರೆವಾಸವು ಮನುಷ್ಯನಿಂದ ಏನನ್ನು ಕಸಿದುಕೊಳ್ಳುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಸ್ವಾತಂತ್ರ್ಯವನ್ನು ಎಂದು ಒಂದೇ ಶಬ್ದದಲ್ಲಿ ಹೇಳಿಬಿಟ್ಟರೆ ಆ ನಷ್ಟದ ಸ್ವರೂಪವು ಕಾಣುವುದಿಲ್ಲ. ಬಂದಿಯು ಗಂಟೆ ಬಾರಿಸಿದಾಗ ಏಳುತ್ತಾನೆ, ಗಂಟೆ ಬಾರಿಸಿದಾಗ ಉಣ್ಣುತ್ತಾನೆ, ಗಂಟೆ ಬಾರಿಸಿದಾಗ ಮಲಗುತ್ತಾನೆ. ಈ ದಿನ ಏನು ಅಡಿಗೆಯೆಂದು ಅವನು ವಿಚಾರಿಸಬೇಕಾಗಿಲ್ಲ. ಅಕ್ಕಿ ತೀರಿತೆಂಬ ಚಿಂತೆಯಿಲ್ಲ. ಮಗುವಿಗೆ ಜ್ವರ ಬಂದರೆ ವೈದ್ಯರ ಬಳಿಗೆ ಈಗಲೇ ಹೋಗಬೇಕೋ ಬೆಳಗಾದ ಮೇಲೆ ಹೋಗಬೇಕೋ ಎಂಬ ತೂಗಾಟವಿಲ್ಲ. ಅವನ ಕೈಗೆ ಹಣ ಬಾರದು. ಬಂದರೂ ಅದನ್ನು ಖರ್ಚುಮಾಡುವ ಜಾಗವಿಲ್ಲ. ಬಾಗಿಲನ್ನು ತೆರೆಯುವ ಅಭ್ಯಾಸ ಕೂಡ ತಪ್ಪಿಹೋಗುತ್ತದೆ, ಏಕೆಂದರೆ ಪ್ರತಿಯೊಂದು ಬಾಗಿಲನ್ನೂ ಇನ್ನೊಬ್ಬನು ತೆರೆದು ಇನ್ನೊಬ್ಬನೇ ಮುಚ್ಚುತ್ತಾನೆ. ಹೀಗೆ ವರ್ಷಗಟ್ಟಲೆ ನಡೆದ ಬಳಿಕ, ಹೇಳಿದ್ದನ್ನು ಕೇಳಿಕೊಂಡು ತಲೆ ತಗ್ಗಿಸಿ ಇದ್ದವನಿಗೆ ಸನ್ನಡತೆಯವನೆಂಬ ಹೆಸರು ಬರುತ್ತದೆ. ಆದರೆ ಒಳ್ಳೆಯ ಬಂದಿಯಾಗಲು ಬೇಕಾದ ಗುಣವೂ ಒಳ್ಳೆಯ ಗೃಹಸ್ಥನಾಗಲು ಬೇಕಾದ ಗುಣವೂ ಒಂದೇ ಅಲ್ಲ. ಒಂದಕ್ಕೆ ವಿಧೇಯತೆ ಸಾಕು. ಇನ್ನೊಂದಕ್ಕೆ ದಿನಕ್ಕೆ ಹತ್ತು ಸಲ ಸ್ವಂತ ಬುದ್ಧಿಯಿಂದ ನಿರ್ಣಯ ಮಾಡುವ ಶಕ್ತಿ ಬೇಕು.

ಇದರ ಜೊತೆಗೆ ಹೊರಗಿನ ಲೋಕವು ನಿಂತಲ್ಲಿ ನಿಲ್ಲುವುದಿಲ್ಲ. ೨೦೦೮ರಲ್ಲಿ ಒಳಹೊಕ್ಕು ೨೦೨೨ರಲ್ಲಿ ಹೊರಬಂದವನು ಚಹದಂಗಡಿಯ ಮುಂದೆ ನಿಂತು, ಜನರು ಮೊಬೈಲನ್ನು ಒಂದು ಚೌಕಳಿ ಚಿತ್ರಕ್ಕೆ ಹಿಡಿದು ಹಣ ಸಂದಾಯ ಮಾಡುವುದನ್ನು ಬೆರಗಾಗಿ ನೋಡಬೇಕಾಗುತ್ತದೆ. ಅವನು ಬಲ್ಲ ಐದುನೂರರ ನೋಟು ೨೦೧೬ರಲ್ಲಿಯೇ ರದ್ದಾಗಿ ಹೋಗಿದೆ. ಮಗಳ ಮದುವೆ ಅವನಿಲ್ಲದೆ ಆಗಿದೆ. ಒಂದು ಸಾಯಂಕಾಲ ಅವನನ್ನು ಮಹಾದ್ವಾರದ ಹೊರಗೆ ಬಿಟ್ಟು, ಇನ್ನು ನೀನು ಸ್ವತಂತ್ರನು ಎಂದರೆ, ಈಜು ಮರೆತವನನ್ನು ನಡುಹೊಳೆಯಲ್ಲಿ ಇಳಿಸಿದಂತಾಗುತ್ತದೆ. ಅಂತಹವನು ಮತ್ತೆ ಹಳೆಯ ಸಹವಾಸಕ್ಕೆ ಬಿದ್ದರೆ, ನೋಡಿದಿರಾ, ಅವನ ಹುಟ್ಟುಗುಣವೇ ಅಂತಹದು ಎಂದು ಲೋಕವು ತೀರ್ಪು ಕೊಡುತ್ತದೆ. ಈಜು ಕಲಿಸಿದವರಾರು ಎಂದು ಕೇಳುವುದಿಲ್ಲ.

ಸ್ವಾತಂತ್ರ್ಯದಲ್ಲಿ ಬಾಳುವುದನ್ನು ಸ್ವಾತಂತ್ರ್ಯದಲ್ಲಿದ್ದುಕೊಂಡೇ ಕಲಿಯಬೇಕೆಂಬ ವಿಚಾರವು ಯುರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾರ್ಯರೂಪಕ್ಕೆ ಬಂದಿತು. ಸ್ವಿಟ್ಜರ್ಲೆಂಡಿನ ವಿಟ್ಜ್‌ವಿಲ್ ಎಂಬಲ್ಲಿ ಜೌಗುಭೂಮಿಯನ್ನು ಬಂದಿಗಳು ಹಸನುಮಾಡಿ ದೊಡ್ಡ ವ್ಯವಸಾಯಕ್ಷೇತ್ರವನ್ನು ನಿರ್ಮಿಸಿದರು. ಇಂಗ್ಲೆಂಡಿನಲ್ಲಿ ವೇಕ್‌ಫೀಲ್ಡ್ ಸೆರೆಮನೆಯವರು ೧೯೩೬ರಲ್ಲಿ ನ್ಯೂ ಹಾಲ್ ಎಂಬ ಶಿಬಿರವನ್ನು ಗೋಡೆಯಿಲ್ಲದೆ ತೆರೆದರು. ೧೯೫೫ರಲ್ಲಿ ಜಿನೀವಾ ನಗರದಲ್ಲಿ ಸೇರಿದ ಸಂಯುಕ್ತ ರಾಷ್ಟ್ರಸಂಘದ ಮಹಾಸಭೆಯು ಇಂತಹ ಸಂಸ್ಥೆಗಳ ಲಕ್ಷಣವನ್ನು ಸ್ಪಷ್ಟಪಡಿಸಿತು. ಅದರ ತಾತ್ಪರ್ಯವು ಎರಡು ಭಾಗದ್ದು. ಓಡಿಹೋಗದಂತೆ ತಡೆಯುವ ಗೋಡೆ, ಬೀಗ, ಸರಳು, ಶಸ್ತ್ರಧಾರಿ ಕಾವಲು ಇವು ಇಲ್ಲದಿರುವುದು ಒಂದು. ಅವುಗಳ ಸ್ಥಾನದಲ್ಲಿ ಬಂದಿಯ ಆತ್ಮಸಂಯಮವನ್ನೂ ತಾನಿರುವ ಸಮೂಹದ ವಿಷಯದಲ್ಲಿ ಅವನಿಗಿರುವ ಹೊಣೆಯ ಅರಿವನ್ನೂ ನೆಚ್ಚಿ ನಡೆಯುವುದು ಇನ್ನೊಂದು. ಅದೇ ನಿರ್ಣಯದಲ್ಲಿ ಮೂರನೆಯ ಮಾತೊಂದಿದೆ. ಅದನ್ನು ಉದಾಹರಿಸುವವರು ವಿರಳ. ಸುತ್ತಮುತ್ತಣ ಜನರ ಸಹಕಾರವನ್ನು ಸಂಪಾದಿಸದೆ ಇಂತಹ ಸಂಸ್ಥೆ ನಡೆಯಲಾರದು ಎಂಬುದೇ ಆ ಮಾತು. ಅಂದರೆ ಬಯಲು ಬಂದೀಖಾನೆಗೆ ಗೋಡೆಯಿಲ್ಲವಾದರೂ ನೆರೆಹೊರೆಯುಂಟು. ಆ ನೆರೆಹೊರೆಯು ಮುಖ ತಿರುಗಿಸಿದರೆ ಅದೇ ಗೋಡೆಯಾಗುತ್ತದೆ.

ಭಾರತದಲ್ಲಿ ಈ ಕಾರ್ಯಕ್ಕೆ ಬಲವಾದ ತಳಹದಿಯನ್ನು ಹಾಕಿದವರು ಶ್ರೀ ಸಂಪೂರ್ಣಾನಂದರು. ಅವರು ಕಾಶಿಯವರು, ಉಪಾಧ್ಯಾಯರಾಗಿದ್ದವರು, ಸಂಸ್ಕೃತ ವಿದ್ವಾಂಸರು. ಸ್ವಾತಂತ್ರ್ಯ ಸಂಗ್ರಾಮದಲ್ಲಿ ಹಲವು ಬಾರಿ ಸೆರೆಮನೆಯನ್ನು ಕಂಡವರು. ಒಳಗಿನಿಂದ ಕಂಡವರ ಕೈಗೆ ಅಧಿಕಾರ ಬಂದುದರಿಂದಲೇ ಈ ಕೆಲಸವಾಯಿತೆಂದರೆ ತಪ್ಪಾಗಲಾರದು. ಅವರು ಉತ್ತರಪ್ರದೇಶದಲ್ಲಿ ಮಂತ್ರಿಗಳಾಗಿದ್ದಾಗ, ೧೯೫೨ರಲ್ಲಿ, ಬನಾರಸಿನ ಸಮೀಪದ ಚಂದ್ರಪ್ರಭಾ ನದಿಗೆ ಅಣೆಕಟ್ಟನ್ನು ಕಟ್ಟುವ ಕೆಲಸಕ್ಕೆ ಶಿಕ್ಷಾಬಂದಿಗಳ ಶಿಬಿರವೊಂದನ್ನು ಹೂಡಿಸಿದರು. ಮುಂದೆ ಕರ್ಮನಾಶಾ ನದಿಯ ಅಣೆಕಟ್ಟು, ಮಿರ್ಜಾಪುರ ಜಿಲ್ಲೆಯ ಘುರ್ಮಾದಲ್ಲಿ ಚುರ್ಕ ಸಿಮೆಂಟು ಕಾರಖಾನೆಗೆ ಕಲ್ಲು ತೆಗೆಯುವ ಗಣಿ, ತರಾಯಿ ಪ್ರದೇಶದ ಸಿತಾರಗಂಜಿನ ಹೊಲಗಳು ಹೀಗೆ ಒಂದಾದಮೇಲೊಂದು ಶಿಬಿರಗಳಾದವು. ಅಲ್ಲಿಯ ಮುಖ್ಯ ನಿಯಮವೆಂದರೆ ಬಂದಿಗೂ ಹೊರಗಿನ ಕೂಲಿಗಾರನಿಗೂ ಒಂದೇ ದರದ ಕೂಲಿ. ಆ ಕೂಲಿಯಲ್ಲಿ ಅವನ ಅನ್ನವಸ್ತ್ರದ ಖರ್ಚನ್ನು ಮುರಿದುಕೊಂಡು ಉಳಿದುದನ್ನು ಅವನ ಲೆಕ್ಕಕ್ಕೆ ಜಮೆ ಮಾಡುತ್ತಿದ್ದರು. ಮನೆಗೆ ಕಳಿಸಲೂ ಆಸ್ಪದವಿತ್ತು.

ಈ ನಿಯಮವು ಸಣ್ಣದೆಂದು ತೋರಬಹುದು. ಆದರೆ ಎಲ್ಲ ಮರ್ಮವೂ ಇದರಲ್ಲಿಯೇ ಅಡಗಿದೆ. ಕಠಿಣ ಸಜೆಯಲ್ಲಿ ಕಲ್ಲು ಒಡೆಯುವವನೂ ದುಡಿಯುತ್ತಾನೆ, ಗಾಣ ತಿರುವಿದವನೂ ದುಡಿದನು. ಆದರೆ ಆ ದುಡಿಮೆಯೇ ದಂಡನೆಯಾಗಿರುವಾಗ ಅದನ್ನು ಮನಸ್ಸು ದ್ವೇಷಿಸುವುದನ್ನಲ್ಲದೆ ಬೇರೇನನ್ನು ಕಲಿಯುತ್ತದೆ? ಕಾಯಕ ಶಬ್ದದ ಅರ್ಥವನ್ನು ಬಲ್ಲ ಓದುಗರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಮುರಿದು ಮಾಡಿದ್ದೆಲ್ಲ ಕಾಯಕವಾಗುವುದಿಲ್ಲ. ತನ್ನ ಮನಸ್ಸಿನಿಂದ ಕೈಕೊಂಡು, ನೇರವಾದ ದಾರಿಯಲ್ಲಿ ಗಳಿಸಿ, ಆ ಗಳಿಕೆಯಿಂದ ತಾನೂ ಉಂಡು ಪರರಿಗೂ ಉಣಬಡಿಸುವಾಗ ಅದು ಕಾಯಕವೆನಿಸುತ್ತದೆ. ಸೆರೆಯಲ್ಲಿದ್ದುಕೊಂಡು ಮನೆಗೆ ನೂರು ರೂಪಾಯಿ ಕಳಿಸಿದವನು, ಅಪರಾಧ ಮಾಡಿದಂದಿನಿಂದ ಅಂದಿನವರೆಗೆ ಕಳೆದುಕೊಂಡಿದ್ದ ಒಂದು ಸ್ಥಾನವನ್ನು ತಿರುಗಿ ಪಡೆಯುತ್ತಾನೆ. ತನ್ನಿಂದ ಉಣ್ಣುವವರೂ ಇದ್ದಾರೆಂಬ ತಿಳಿವು ಅವನಲ್ಲಿ ಹುಟ್ಟುತ್ತದೆ.

ಸಂಪೂರ್ಣಾನಂದರು ೧೯೬೨ರಲ್ಲಿ ರಾಜಸ್ಥಾನದ ರಾಜ್ಯಪಾಲರಾಗಿ ಹೋದರು. ಮರುವರ್ಷ ಜಯಪುರದ ಬಳಿಯ ಸಾಂಗಾನೇರಿನಲ್ಲಿ ಅವರ ಹೆಸರಿನ ಶಿಬಿರವು ಸ್ಥಾಪಿತವಾಯಿತು. ಜಗತ್ತಿನ ಬಯಲು ಬಂದೀಖಾನೆಗಳಲ್ಲಿ ಇದಕ್ಕೊಂದು ವೈಶಿಷ್ಟ್ಯವುಂಟು. ಇತರ ಕಡೆಗಳಲ್ಲಿ ಬಂದಿಯು ಗೋಡೆಯಿಂದ ಹೊರಬಂದರೂ ಸರಕಾರದ ಹೊಲದಲ್ಲಿಯೇ ದುಡಿಯುತ್ತಾನೆ, ಸರಕಾರದ ಅಡಿಗೆಯನ್ನೇ ಉಣ್ಣುತ್ತಾನೆ. ಸಾಂಗಾನೇರಿನಲ್ಲಿ ಹಾಗಲ್ಲ. ಅಲ್ಲಿಗೆ ಹೋದವನು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು. ಚಿಕ್ಕ ಮನೆಯೊಂದರಲ್ಲಿ ಸಂಸಾರ ಹೂಡಿ, ಒಲೆ ಹೊತ್ತಿಸಿ, ಬೆಳಗಿನ ಹಾಜರಿಗೆ ಹೆಸರು ಹೇಳಿ, ಪೇಟೆಗೆ ಕೆಲಸಕ್ಕೆ ಹೋಗಬೇಕು. ಸಾಯಂಕಾಲದ ಹಾಜರಿಯ ವೇಳೆಗೆ ಮರಳಿ ಬರಬೇಕು. ಕೆಲಸವನ್ನು ಯಾರೂ ಹುಡುಕಿಕೊಡುವುದಿಲ್ಲ. ಕಾರಖಾನೆಯ ಕೂಲಿ, ಗಾರೆ ಕೆಲಸ, ವಾಹನ ನಡೆಸುವುದು, ಅಂಗಡಿ ಇಡುವುದು, ಯಾವುದು ಸಾಧ್ಯವೋ ಅದನ್ನು ತಾನೇ ಕಂಡುಕೊಳ್ಳಬೇಕು. ಸರಕಾರವು ಅವನಿಗೆ ಅನ್ನ ಹಾಕುವುದಿಲ್ಲ. ಇದನ್ನು ಕೇಳಿದವರು, ಇದೆಂತಹ ಶಿಕ್ಷೆ, ಇದು ಉಪಕಾರವಲ್ಲವೇ ಎಂದು ಹುಬ್ಬೇರಿಸುತ್ತಾರೆ. ಅಂತಹವರು ಒಂದು ಕ್ಷಣ ನಿಂತು ವಿಚಾರಿಸಬೇಕು. ಕೊಲೆಯ ಅಪರಾಧಿಯೆಂದು ಹೆಸರಾದವನು ಅಪರಿಚಿತನ ಮುಂದೆ ಕೈಕಟ್ಟಿ ನಿಂತು, ನಾನು ಬಂದಿ, ಸಂಜೆ ಹಾಜರಿಗೆ ಹೋಗಬೇಕು, ಆದರೂ ಕೆಲಸ ಕೊಡಿ ಎಂದು ಕೇಳುವುದು ಕಲ್ಲು ಒಡೆಯುವುದಕ್ಕಿಂತ ಸುಲಭವೇನಲ್ಲ. ಹತ್ತು ಕಡೆ ಇಲ್ಲವೆನಿಸಿಕೊಂಡ ದಿನವೂ ಅವನು ಸಂಜೆಗೆ ತಿರುಗಿ ಬರಬೇಕು. ಬರದಂತೆ ತಡೆಯುವವರಿಲ್ಲ, ಬಾರೆಂದು ಎಳೆಯುವವರೂ ಇಲ್ಲ. ಪ್ರತಿ ಸಂಜೆಯೂ ಅವನು ತಾನಾಗಿ ನಡೆದು ಬಂದು ಶಿಕ್ಷೆಯನ್ನು ಒಪ್ಪಿಕೊಳ್ಳುತ್ತಾನೆ. ಗೋಡೆಯೊಳಗಿದ್ದವನಿಗೆ ಹೀಗೆ ಒಪ್ಪಿಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಅವನು ಬರಿದೆ ಒಳಗಿರುತ್ತಾನೆ.

ಅಲ್ಲಿಯ ದಿನಚರಿಯನ್ನು ನಡೆಸುವವರೂ ಬಹುಮಟ್ಟಿಗೆ ಬಂದಿಗಳೇ. ಅವರು ಆರಿಸಿಕೊಂಡ ಬಂದಿ ಪಂಚಾಯತಿಯೊಂದಿದೆ. ಹಾಜರಿ ಹಿಡಿಯುವುದು, ಜಗಳ ಬಿಡಿಸುವುದು, ಹೊಸಬನಿಗೆ ರೀತಿನೀತಿ ತಿಳಿಸುವುದು ಅದರ ಹೊಣೆ. ಒಬ್ಬನು ತಪ್ಪಿಸಿಕೊಂಡು ಹೋದರೆ ಶಿಬಿರದ ಎಲ್ಲರ ನೆಮ್ಮದಿಗೂ ಕುಂದು ಬರುವುದೆಂಬುದನ್ನು ಎಲ್ಲರೂ ಬಲ್ಲರು. ವಾರ್ಡರನ ಕಣ್ಣಿಗಿಂತ ನೆರೆಮನೆಯವನ ಕಣ್ಣು ಚುರುಕಾದುದು. ವೆಚ್ಚದ ದೃಷ್ಟಿಯಿಂದ ನೋಡಿದರೂ ಗೋಡೆಯ ಸೆರೆಮನೆಯೊಡನೆ ಇದನ್ನು ಹೋಲಿಸುವಂತಿಲ್ಲ, ಏಕೆಂದರೆ ಇಲ್ಲಿ ಕಾವಲುಗಾರರು ಕೆಲವರೇ ಸಾಕು, ಅಡಿಗೆಯ ಮನೆಯೇ ಬೇಕಾಗಿಲ್ಲ. ಆದರೆ ಹಣದ ಉಳಿತಾಯವನ್ನೇ ಮುಂದುಮಾಡಿ ಈ ಪದ್ಧತಿಯನ್ನು ಹೊಗಳುವುದು ಅದಕ್ಕೆ ಗೌರವ ತರುವುದಿಲ್ಲ.

ಇದಕ್ಕೂ ಮೊದಲೇ ಕನ್ನಡನಾಡಿನ ನೆರೆಯಲ್ಲಿ ಒಂದು ಪ್ರಯೋಗ ನಡೆದಿತ್ತೆಂಬುದು ನೆನಪಿನಲ್ಲಿಡಬೇಕಾದ ಸಂಗತಿ. ಮಾರಿಸ್ ಫ್ರೀಡ್‌ಮನ್ ಎಂಬ ಪೋಲೆಂಡ್ ದೇಶದ ಎಂಜಿನಿಯರರು ಮೈಸೂರು ಸಂಸ್ಥಾನದ ಸರಕಾರಿ ವಿದ್ಯುತ್ ಕಾರಖಾನೆಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದರು. ಅವರು ಕಾವಿಯುಟ್ಟು ಭಾರತಾನಂದರೆನಿಸಿಕೊಂಡು, ಔಂಧ ಸಂಸ್ಥಾನದ ರಾಜಕುಮಾರ ಅಪ್ಪಾ ಪಂತರ ಜೊತೆಗೂಡಿ ಆ ಪುಟ್ಟ ಸಂಸ್ಥಾನದಲ್ಲಿ ಹಲವು ಸುಧಾರಣೆಗಳಿಗೆ ಕೈಹಾಕಿದರು. ಆಟಪಾಡಿಯ ಹತ್ತಿರ ಸ್ವತಂತ್ರಪುರವೆಂಬ ವಸತಿಯನ್ನು ಮಾಡಿ, ಘೋರ ಅಪರಾಧಿಗಳನ್ನು ಬೇಡಿಯಿಲ್ಲದೆ ಹೊಲಗೆಯ್ಯಲು ಬಿಟ್ಟರು. ವಿ. ಶಾಂತಾರಾಮರ ೧೯೫೭ರ 'ದೋ ಆಂಖೇಂ ಬಾರಹ ಹಾಥ್' ಚಲಚ್ಚಿತ್ರಕ್ಕೆ ಇದೇ ಪ್ರೇರಣೆ. ಚಿತ್ರವನ್ನು ನೋಡಿ ಕಣ್ಣೀರು ಹಾಕಿದವರು ಲಕ್ಷಾಂತರ; ತಮ್ಮ ಊರಿಗೆ ಮರಳಿದ ಬಂದಿಗೆ ಒಂದು ಎಕರೆ ಕೋರಿಗೆ ಕೊಟ್ಟವರ ಎಣಿಕೆ ಅಷ್ಟಿರಲಾರದು.

ಕರ್ನಾಟಕದಲ್ಲಿ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆಯಿದೆ. ಬೆಂಗಳೂರು ನಗರದ ಕೋರಮಂಗಲ ಬೇರೆ, ಇದು ಬೇರೆ. ಅಲ್ಲಿ ವ್ಯವಸಾಯವೇ ಮುಖ್ಯವಾದ ಕಸುಬು. ಕೇರಳದ ನೆಟ್ಟುಕಾಲ್ತೇರಿಯಲ್ಲಿ ೧೯೬೨ರಿಂದ ಬಂದಿಗಳು ರಬ್ಬರ್ ತೋಟವನ್ನು ನೋಡಿಕೊಳ್ಳುತ್ತ ಬಂದಿದ್ದಾರೆ. ಮಹಾರಾಷ್ಟ್ರದ ಪೈಠಣದ ಶಿಬಿರವು ಜಾಯಕವಾಡಿ ಅಣೆಕಟ್ಟಿನ ಕೆಲಸದೊಡನೆ ಬೆಳೆಯಿತು. ಈ ವಿಷಯವು ದೇಶದ ಅತ್ಯುಚ್ಚ ನ್ಯಾಯಾಲಯದ ಮುಂದೆ ಬರಲು ಬೆಂಗಳೂರಿನ ಕೇಂದ್ರ ಕಾರಾಗೃಹದ ಬಂದಿಯೊಬ್ಬನು ಮುಖ್ಯ ನ್ಯಾಯಾಧೀಶರಿಗೆ ಬರೆದ ಪತ್ರವೂ ಒಂದು ಕಾರಣವಾಯಿತು. ಆ ಪತ್ರದಿಂದ ಮೊದಲಾದ ರಾಮಮೂರ್ತಿ ಮೊಕದ್ದಮೆಯಲ್ಲಿ ೧೯೯೬ರಲ್ಲಿ ಬಂದ ತೀರ್ಪು ಸೆರೆಮನೆಗಳ ಒಂಬತ್ತು ಸಮಸ್ಯೆಗಳನ್ನು ಎತ್ತಿ ತೋರಿಸಿತು. ಅವುಗಳಲ್ಲಿ ಬಯಲು ಬಂದೀಖಾನೆಗಳ ನಿರ್ವಹಣೆಯೂ ಒಂದು. ಇನ್ನೊಂದು ಬಗೆಯ ಪ್ರಯತ್ನವು ಮೈಸೂರಿನ ರಂಗಾಯಣದ ಶ್ರೀ ಹುಲುಗಪ್ಪ ಕಟ್ಟೀಮನಿಯವರಿಂದ ನಡೆಯಿತು. ಅವರು ಶಿಕ್ಷಾಬಂದಿಗಳಿಗೆ ನಾಟಕ ಕಲಿಸಿ, ಹೊರಗಿನ ರಂಗಮಂದಿರಗಳಲ್ಲಿ ಅವರಿಂದ ಆಡಿಸಿದರು. ಬಣ್ಣ ತೊಳೆದುಕೊಂಡ ಮೇಲೆ ನಟನು ಮತ್ತೆ ಸೆರೆಮನೆಯ ವಾಹನವನ್ನು ಏರುವುದನ್ನು ಪ್ರೇಕ್ಷಕರು ಕಂಡರು. ಒಂದು ರಾತ್ರಿಯ ಮಟ್ಟಿಗಾದರೂ ಅವರು ಅವನಿಗೆ ಚಪ್ಪಾಳೆ ತಟ್ಟಿದ್ದರಷ್ಟೆ.

ಅಪರಾಧಿಯನ್ನು ಅಪರಾಧಕ್ಕಿಂತ ದೊಡ್ಡವನಾಗಿ ಕಾಣುವ ದೃಷ್ಟಿ ಶರಣರ ನಾಡಿಗೆ ಹೊಸದಲ್ಲ. ಕನ್ನದ ಮಾರಿತಂದೆಯ ಹೆಸರಿನಲ್ಲಿಯೇ ಅವನ ಹಿಂದಿನ ಕಸುಬು ಉಳಿದುಕೊಂಡಿದೆ. ಅದನ್ನು ಅಳಿಸಬೇಕೆಂದು ಯಾರಿಗೂ ತೋರಲಿಲ್ಲ, ಅದರಿಂದ ಅವನ ಶರಣತ್ವಕ್ಕೆ ಕುಂದು ಬಂದಿತೆಂದೂ ತೋರಲಿಲ್ಲ. ಉರಿಲಿಂಗಪೆದ್ದಿಯ ಕಥೆಯು ಇನ್ನೂ ವಿಶದವಾದುದು. ಕಳವಿಗೆಂದು ಹೋದ ಪೆದ್ದಣ್ಣನು ಅಲ್ಲಿ ಉರಿಲಿಂಗದೇವರು ದೀಕ್ಷೆ ಕೊಡುವುದನ್ನು ಮರೆಯಲ್ಲಿ ನಿಂತು ಕಂಡು, ಕದಿಯುವುದನ್ನು ಮರೆತನೆಂದೂ, ಅಂದಿನಿಂದ ದಿನಾಲು ಗುರುವಿನ ಮನೆಗೆ ಸೌದೆಯ ಹೊರೆ ತಂದುಹಾಕುತ್ತ ಹೋದನೆಂದೂ ಪರಂಪರೆಯು ಹೇಳುತ್ತದೆ. ಕಥೆಯನ್ನು ಹೇಳುವವರು ಮುಂದಿನ ಪವಾಡಕ್ಕೆ ಬೇಗ ಹೋಗಿಬಿಡುತ್ತಾರೆ. ಆದರೆ ಸೌದೆ ಹೊತ್ತ ಆ ದಿನಗಳ ಮೇಲೆ ದೃಷ್ಟಿಯನ್ನು ನಿಲ್ಲಿಸಬೇಕು. ಮನಸ್ಸು ತಿರುಗಿದ್ದು ಒಂದು ಕ್ಷಣದಲ್ಲಿ; ಅದು ನಿಂತದ್ದು ದಿನದಿನದ ಹೊರೆಯಲ್ಲಿ. ಅಷ್ಟು ದಿನ ಆ ಮನೆಯ ಬಾಗಿಲು ಅವನಿಗೆ ತೆರೆದಿತ್ತು, ಅವನು ತಂದ ಸೌದೆಯಿಂದಲೇ ಅಡಿಗೆಯಾಯಿತು. ಕಳ್ಳನ ಸೌದೆ ಬೇಡವೆಂದು ಆ ಮನೆಯವರು ಹೇಳಿದ್ದರೆ ಮುಂದೆ ಉರಿಲಿಂಗದೇವರ ಗದ್ದುಗೆಯನ್ನು ಏರಿದ ಪೆದ್ದಯ್ಯನು ಎಲ್ಲಿರುತ್ತಿದ್ದನು?

ಈ ಪ್ರಶ್ನೆಯನ್ನು ಇಂದಿನ ಗೃಹಸ್ಥನ ಅಂಗಳಕ್ಕೆ ತಂದು ಇಡುವುದು ಕಷ್ಟದ ಕೆಲಸ. ಹೊಲದ ಬದುವಿನ ಜಗಳದಲ್ಲಿ ಕೊಡಲಿ ಎತ್ತಿದವನೊಬ್ಬನು ಶಿಕ್ಷೆ ಮುಗಿಸಿ ಊರಿಗೆ ಬರುತ್ತಾನೆಂದು ಇಟ್ಟುಕೊಳ್ಳಬಹುದು. ಅವನಿಂದ ಸತ್ತವನ ಮನೆಯೂ ಅದೇ ಓಣಿಯಲ್ಲಿದೆ. ಆ ಮನೆಯ ವಿಧವೆ ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವಾಗ ಅವನ ಮುಖವನ್ನೇ ಕಾಣಬೇಕು. ಅವಳಿಗೆ ಕ್ಷಮೆಯ ಉಪದೇಶ ಮಾಡುವ ಅಧಿಕಾರ ಯಾರಿಗೂ ಇಲ್ಲ. ಬಂದಿಯ ಪುನರ್ವಸತಿಯ ವಿಷಯ ಬರೆಯುವವರು ಸಾಮಾನ್ಯವಾಗಿ ಈ ಮನೆಯ ಮುಂದೆ ನಿಲ್ಲದೆ ಮುಂದಕ್ಕೆ ನಡೆದುಬಿಡುತ್ತಾರೆ, ಅದು ನ್ಯಾಯವಲ್ಲ. ಸೆರೆಯಲ್ಲಿದ್ದವನಿಗೆ ಸರಕಾರವು ಅನ್ನ ಹಾಕಿತು, ಕಸುಬು ಕಲಿಸಿತು. ಕೂಲಿಗೆ ಹೋಗಿ ಮಕ್ಕಳನ್ನು ಸಾಕಿದ ಆ ವಿಧವೆಗೆ ಯಾರು ಏನು ಕಲಿಸಿದರು? ಬಯಲು ಬಂದೀಖಾನೆಯ ಗಳಿಕೆಯಲ್ಲಿ ಒಂದು ಪಾಲು ನೊಂದವರ ಮನೆಗೆ ಸಲ್ಲಬೇಕೆಂಬ ವಿಚಾರಕ್ಕೆ ೧೯೯೮ರಲ್ಲಿ ಅತ್ಯುಚ್ಚ ನ್ಯಾಯಾಲಯವೂ ಮನ್ನಣೆ ಕೊಟ್ಟಿತು. ಅದನ್ನು ಕ್ರಮವಾಗಿ ನಡೆಸಿದರೆ ಮಾತ್ರ ಬಂದಿಯ ದುಡಿಮೆಗೆ ಪೂರ್ತಿ ಅರ್ಥ ಬರುತ್ತದೆ. ಅವನು ತಿರುಗಿ ಬರುವ ಸುದ್ದಿಯನ್ನು ಆ ಮನೆಯವರಿಗೆ ಮೊದಲೇ ಹಿರಿಯರ ಮೂಲಕ ತಿಳಿಸುವುದು, ಅವರು ಒಪ್ಪದಿದ್ದರೆ ಅವನು ಬೇರೆ ಓಣಿಯಲ್ಲಿಯೋ ಬೇರೆ ಊರಿನಲ್ಲಿಯೋ ನೆಲಸುವಂತೆ ಅನುಕೂಲ ಮಾಡುವುದು, ಇವು ದೊಡ್ಡ ಸಾಧನೆಗಳಲ್ಲ. ಆದರೆ ಇವುಗಳನ್ನು ಮಾಡತಕ್ಕವರು ಜೈಲಿನ ಅಧಿಕಾರಿಗಳಲ್ಲ, ಊರಿನವರು.

ಇನ್ನು ಅಪರಾಧಿಯ ಮನೆಯ ಮಾತು. ಅವನ ಮಕ್ಕಳನ್ನು ಖೂನಿಯವನ ಮಕ್ಕಳೆಂದು ಶಾಲೆಯಲ್ಲಿ ಕರೆಯುತ್ತಾರೆ. ಮಗಳಿಗೆ ವರ ಗೊತ್ತಾಗುವಾಗ ಹಿರಿಯರು ತಲೆಯಾಡಿಸುತ್ತಾರೆ. ತಂದೆಯ ತಪ್ಪಿಗೆ ನ್ಯಾಯಾಧೀಶರು ಬರೆಯದ ಈ ಶಿಕ್ಷೆಯನ್ನು ವಿಧಿಸಿದವರು ಬೇರೆ ಯಾರೂ ಅಲ್ಲ. ಹಬ್ಬಹುಣ್ಣಿಮೆಗೆ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವವರೇ. ಬಂದಿಯೊಬ್ಬನು ಕೆಲಸ ಕೇಳಿಕೊಂಡು ಬಂದಾಗ ಗಿರಣಿಯ ಯಜಮಾನನಿಗೂ ಕಿರಾಣಿ ವರ್ತಕನಿಗೂ ಭಯವಾಗುವುದು ಸಹಜ. ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಮೊದಲ ದಿನವೇ ಕೊಡಬೇಕೆಂದು ಯಾರೂ ಹೇಳುವುದಿಲ್ಲ. ಗೋದಾಮಿನ ಮೂಟೆ ಎಣಿಸುವ ಕೆಲಸ ಕೊಡಬಹುದು. ಆರು ತಿಂಗಳು ನೋಡಬಹುದು. ಬಯಲು ಬಂದೀಖಾನೆಯು ಮಾಡುವುದೂ ಇಷ್ಟೇ. ಮೊದಲು ಅಂಗಳ, ಆಮೇಲೆ ಹೊಲ, ಆಮೇಲೆ ಪೇಟೆ, ಆಮೇಲೆ ರಜೆಯ ಮೇಲೆ ಊರು ಹೀಗೆ ನಂಬಿಕೆಯ ಹಗ್ಗವನ್ನು ಮೊಳಮೊಳವಾಗಿ ಬಿಡುತ್ತ ಹೋಗುತ್ತದೆ. ಸಂಯುಕ್ತ ರಾಷ್ಟ್ರಸಂಘವು ೨೦೧೫ರಲ್ಲಿ ನೆಲ್ಸನ್ ಮಂಡೇಲಾ ಅವರ ಹೆಸರಿನಿಂದ ಅಂಗೀಕರಿಸಿದ ನಿಯಮಗಳೂ ಶಿಕ್ಷೆ ಮುಗಿಯುವ ಮೊದಲೇ ಮೆಲ್ಲಮೆಲ್ಲನೆ ಸಮಾಜಜೀವನಕ್ಕೆ ತಿರುಗಿಸಬೇಕೆಂದು ವಿಧಿಸುತ್ತವೆ.

ಈ ಪದ್ಧತಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಯಾರನ್ನು ಬಯಲಿಗೆ ಕಳಿಸಬೇಕೆಂಬ ನಿಯಮಗಳು ರಾಜ್ಯರಾಜ್ಯಕ್ಕೆ ಬೇರೆ. ಸಾಮಾನ್ಯವಾಗಿ ಶಿಕ್ಷೆಯ ಇಷ್ಟು ಭಾಗ ಮುಗಿದಿರಬೇಕು, ಇಂತಹ ಅಪರಾಧ ಮಾಡಿರಬಾರದು ಎಂದು ಪಟ್ಟಿಯಿರುತ್ತದೆ. ಜಿನೀವಾ ಸಭೆಯಾದರೋ ಶಿಕ್ಷೆಯ ಉದ್ದವನ್ನು ನೋಡಬೇಡಿ, ಮನುಷ್ಯನ ಯೋಗ್ಯತೆಯನ್ನು ನೋಡಿ ಎಂದಿತ್ತು. ಪಟ್ಟಿ ನೋಡುವುದು ಸುಲಭ, ಮನುಷ್ಯನನ್ನು ನೋಡುವುದು ಕಠಿಣ. ಕಚೇರಿಗಳು ಯಾವಾಗಲೂ ಸುಲಭವಾದುದನ್ನೇ ಆರಿಸಿಕೊಳ್ಳುತ್ತವೆ. ಸ್ತ್ರೀಯರನ್ನು ಅನೇಕ ರಾಜ್ಯಗಳ ನಿಯಮಗಳು ಬಹುಕಾಲ ಹೊರಗೇ ಇಟ್ಟಿದ್ದವು. ಸೆರೆಗೆ ಹೋದ ಗಂಡನನ್ನು ಹೆಂಡತಿ ಕಾಯುವಂತೆ ಸೆರೆಗೆ ಹೋದ ಹೆಂಡತಿಯನ್ನು ಗಂಡನು ಕಾಯುವುದು ಅಪರೂಪವಾದುದರಿಂದ, ತಿರುಗಿ ಬರುವ ದಾರಿ ಹೆಚ್ಚು ಬೇಕಾದವರು ಅವರೇ ಆಗಿದ್ದರು. ೨೦೨೨ರ ಅಂತ್ಯದಲ್ಲಿ ದೇಶದ ೧,೩೩೦ ಕಾರಾಗೃಹಗಳಲ್ಲಿ ೫,೭೩,೨೨೦ ಮಂದಿ ಇದ್ದರು. ಅವರಲ್ಲಿ ೪,೩೪,೩೦೨ ಮಂದಿ ವಿಚಾರಣೆ ಮುಗಿಯದವರು, ಅಂದರೆ ಅಪರಾಧಿಗಳೆಂದು ಇನ್ನೂ ತೀರ್ಮಾನವಾಗದವರು. ಬಯಲು ಬಂದೀಖಾನೆಗಳು ೯೧ ಮಾತ್ರ. ತೀರ್ಮಾನವಾಗದವನು ಗೋಡೆಯೊಳಗೆ, ಅಪರಾಧಿಯೆಂದು ತೀರ್ಮಾನವಾದವರಲ್ಲಿ ಕೆಲವರು ಬಯಲಿನಲ್ಲಿ ಎಂಬ ಈ ವಿಪರೀತವನ್ನು ನ್ಯಾಯಶಾಸ್ತ್ರಜ್ಞರು ವಿಚಾರಿಸಬೇಕಾಗಿದೆ. ೨೦೨೪ರಲ್ಲಿ ಅತ್ಯುಚ್ಚ ನ್ಯಾಯಾಲಯವು ಬಯಲು ಬಂದೀಖಾನೆಗಳನ್ನು ಹೆಚ್ಚಿಸುವ ವಿಷಯವನ್ನು ಮತ್ತೆ ಕೈಗೆತ್ತಿಕೊಂಡು, ಈಗಿರುವ ಶಿಬಿರಗಳ ವಿಸ್ತಾರವನ್ನು ಕಡಿಮೆ ಮಾಡಬಾರದೆಂದು ಆಜ್ಞೆಯಿತ್ತಿತು. ಸಾಂಗಾನೇರು ಈಗ ಜಯಪುರದ ಹೊರವಲಯವಾಗಿ ಉಳಿದಿಲ್ಲ, ನಗರವೇ ಅಲ್ಲಿಗೆ ಬಂದುಬಿಟ್ಟಿದೆ. ಅಲ್ಲಿಯ ನೆಲದ ಬೆಲೆ ಏರಿದೆ.

ಆ ಶಿಬಿರದ ವಿಷಯದಲ್ಲಿ ವಿಚಿತ್ರವಾದ ಸಂಗತಿಯೊಂದು ವರದಿಯಾಗಿದೆ. ಬಿಡುಗಡೆಯ ಆಜ್ಞೆ ಬಂದ ಮೇಲೂ ಕೆಲವರು ಅಲ್ಲಿಂದ ಹೋಗಲೊಪ್ಪುವುದಿಲ್ಲ. ಅಧಿಕಾರಿಗಳು ಅವರನ್ನು ಹೊರಡಿಸುವುದಕ್ಕೇ ಪ್ರಯತ್ನಪಡಬೇಕಾಗಿದೆ. ಸೆರೆಮನೆಯನ್ನು ಬಿಟ್ಟು ಹೋಗೆಂದರೆ ಹೋಗದಿರುವವರ ಸುದ್ದಿಯನ್ನು ಓದಿ ನಗುವವರುಂಟು, ಅಷ್ಟು ಸುಖವಾಗಿಟ್ಟಿದ್ದಾರೆಂದು ಆಕ್ಷೇಪಿಸುವವರೂ ಉಂಟು. ಕಾರಣವು ಅಷ್ಟು ಗೂಢವಾದುದಲ್ಲ. ಅವರ ಮಕ್ಕಳು ಹತ್ತಿರದ ಶಾಲೆಯಲ್ಲಿ ಓದುತ್ತಿದ್ದಾರೆ. ಕೆಲಸ ಕೊಟ್ಟ ಯಜಮಾನನು ಅದೇ ಪೇಟೆಯಲ್ಲಿದ್ದಾನೆ. ಎಡಬಲದ ಮನೆಯವರು ಇವರ ಹಿಂದಿನದನ್ನೆಲ್ಲ ಬಲ್ಲವರು, ಬಲ್ಲುದರಿಂದಲೇ ಕೇಳದಿರುವವರು. ಹುಟ್ಟಿದ ಊರಿನಲ್ಲಿಯಾದರೋ ಮನೆಯ ಗೋಡೆ ಬಿದ್ದಿದೆ, ಹೊಲವನ್ನು ದಾಯಾದಿಗಳು ಉಳುತ್ತಿದ್ದಾರೆ, ಬಸ್ಸಿನಿಂದ ಇಳಿದರೆ ಕಟ್ಟೆಯ ಮೇಲಿನ ಮಾತು ಒಮ್ಮೆಲೆ ನಿಲ್ಲುತ್ತದೆ.